ಯೋರ್ಟಾ ಯೋರ್ಟಾ ಜನ ಮತ್ತು ಅವರ ನಾಡು: ಅಧ್ಯಯನ ಟಿಪ್ಪಣಿ

ಆಸ್ಟ್ರೇಲಿಯಾದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ಹರಿಯುವ ಮರ್ರೇ ನದಿಯ ಎರಡೂ ದಂಡೆಗಳ ಮೂಲನಿವಾಸಿಗಳು ಯೋರ್ಟಾ ಯೋರ್ಟಾ ಜನ. ಅವರಿಗೆ ಈ ನದಿ ‘ದುಂಗಲಾ’. ಅವರ ಭಾಷೆಯಲ್ಲಿ ‘ಯೋರ್ಟಾ’ ಎಂದರೆ ‘ಇಲ್ಲ’.

ಈ ಪಾಠ ಓದುವಾಗ ‘ನಾಡು’ ಎಂದಲ್ಲೆಲ್ಲ ‘ಜಮೀನು’ ಎಂದುಕೊಂಡರೆ ದಾರಿ ತಪ್ಪುತ್ತೇವೆ. ನಾನೂ ಮೊದಲು ಹಾಗೇ ತಪ್ಪಿದ್ದೆ. ಹೊಳೆ, ಕಾಡು, ಮೀನು, ಆಮೆ, ತೀರಿಹೋದ ಹಿರಿಯರು ಎಲ್ಲ ಸೇರಿದ್ದು ಅವರ ನಾಡು. ತಾವೇ ನಾಡಿಗೆ ಸೇರಿದವರು ಎಂಬುದು ಅವರ ನಂಬಿಕೆ.

1992ರ ಮಾಬೋ ತೀರ್ಪು ಮೂಲನಿವಾಸಿಗಳ ಭೂಹಕ್ಕನ್ನು, ಅಂದರೆ ನೇಟಿವ್ ಟೈಟಲನ್ನು, ಮೊದಲ ಬಾರಿಗೆ ಒಪ್ಪಿತು. ಆ ಬಲದ ಮೇಲೆ ಯೋರ್ಟಾ ಯೋರ್ಟಾ ಜನ ಹಕ್ಕು ಕೇಳಿದರು. ವಸಾಹತು ಬಂದಂದಿನಿಂದ ಇಂದಿನವರೆಗೆ ಸಂಪ್ರದಾಯ ಕಡಿಯದೆ ನಡೆದುಬಂದಿದೆ ಎಂದು ಅವರೇ ತೋರಿಸಬೇಕಿತ್ತು. 1998ರಲ್ಲಿ ನ್ಯಾಯಮೂರ್ತಿ ಓಲ್ನಿ, ಇತಿಹಾಸದ ಪ್ರವಾಹದಲ್ಲಿ ಆ ಹಕ್ಕು ಕೊಚ್ಚಿಹೋಗಿದೆ ಎಂದರು. 2002ರಲ್ಲಿ ಹೈಕೋರ್ಟ್ (ಅಲ್ಲಿ ಇದೇ ಅತ್ಯುನ್ನತ ನ್ಯಾಯಾಲಯ) 5–2ರ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು.

ಸಾಕ್ಷ್ಯಗಳನ್ನು ತೂಗಿದ ಬಗೆ ನೋಡಿ. ಹಿರಿಯರು ಕೋರ್ಟಿನಲ್ಲಿ ನಿಂತು ಹೇಳಿದ ಮಾತಿಗಿಂತ, 1840ರ ದಶಕದಲ್ಲಿ ಅಲ್ಲಿ ಕುರಿ ಮೇಯಿಸಿದ ಎಡ್ವರ್ಡ್ ಕರ್‌ನ ಆತ್ಮಕಥನಕ್ಕೆ ಹೆಚ್ಚು ಬೆಲೆ ಸಿಕ್ಕಿತು. ಅವನ ಬರಹದಲ್ಲಿ ಇಲ್ಲದ್ದು ಸಂಪ್ರದಾಯವೇ ಅಲ್ಲವೆಂಬಂತಾಯಿತು. ಬೇಕಾದಷ್ಟೇ ಬೇಟೆಯಾಡಿ ಉಳಿದದ್ದನ್ನು ಕಾಪಾಡುವುದು ನಮ್ಮ ಪದ್ಧತಿ ಎಂದರೆ, ಕರ್ ಹಾಗೆ ಬರೆದಿಲ್ಲ ಎಂಬ ಉತ್ತರ.

ಇನ್ನೊಂದು ಸಾಕ್ಷ್ಯ 1881ರದ್ದು. ಆ ವರ್ಷ 42 ಮಂದಿ ಗವರ್ನರರಿಗೆ ಅರ್ಜಿ ಬರೆದರು: ನಮ್ಮ ನೆಲ ಸರ್ಕಾರ ಮತ್ತು ಬಿಳಿಯರ ಪಾಲಾಗಿದೆ, ಬೇಟೆಯ ಜಾಗ ಕುರಿ ಮೇಯುವ ಬಯಲಾಗಿದೆ, ಸಾಗುವಳಿಗೆ ಭೂಮಿ ಕೊಡಿ. ನನಗೆ ಇದು ನೆಲ ಬಿಡಲೊಲ್ಲದವರ ಅರ್ಜಿ. ಕೋರ್ಟು ಇದನ್ನೇ ಸಂಪ್ರದಾಯ ನಿಂತುಹೋದದ್ದಕ್ಕೆ ಪುರಾವೆಯಾಗಿ ಓದಿತು! ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ.

1939ರ ಫೆಬ್ರವರಿಯನ್ನೂ ಗುರುತು ಹಾಕಿಕೊಳ್ಳಿ. ನ್ಯೂ ಸೌತ್ ವೇಲ್ಸ್ ಸರ್ಕಾರ ಮೂಲನಿವಾಸಿಗಳನ್ನು ಇರಿಸಿದ್ದ ಕಮ್ಮರಗಂಜಾ ವಸತಿಯ ದಬ್ಬಾಳಿಕೆ ತಾಳದೆ ಸುಮಾರು 200 ಮಂದಿ ನದಿ ದಾಟಿ ಬಾರ್ಮಾದಲ್ಲಿ ಬಿಡಾರ ಹೂಡಿದರು. ನಕ್ಷೆಯಲ್ಲಿ ಅದು ಬೇರೆ ರಾಜ್ಯ. ಅವರಿಗೆ ಆಚೆ ದಂಡೆಯೂ ತಮ್ಮದೇ ನಾಡು.

ಅದೇ ಬಾರ್ಮಾ ಕಾಡು 2010ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಕ್ಟೋರಿಯಾ ಸರ್ಕಾರದ ಜತೆಗಿನ ಒಪ್ಪಂದದಂತೆ ಅದರ ನಿರ್ವಹಣೆಯಲ್ಲಿ ಯೋರ್ಟಾ ಯೋರ್ಟಾ ಜನರಿಗೂ ಪಾಲು ಸಿಕ್ಕಿತು. ಉತ್ತರ ಬರೆಯುವಾಗ ಇದನ್ನು ನೇಟಿವ್ ಟೈಟಲ್ ಎನ್ನಬೇಡಿ. ಆ ಹಕ್ಕು 2002ರಲ್ಲಿ ನಿರಾಕರಣೆಯಾದದ್ದು ಹಾಗೇ ಉಳಿದಿತ್ತು.