ಬಾಗಿಲು ಹಾಕಿಕೊಂಡು ಆಡಿದ ಮಾತು

1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಹೊರತಂದರು. ಅದಕ್ಕೆ ಬುದ್ಧಿಗಿದ್ಧಿ ಏನೂ ಇರಲಿಲ್ಲ. ಅಮ್ಮನ ಬಗ್ಗೆ ಏನಾದರೂ ಟೈಪ್ ಮಾಡಿದರೆ ‘ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಎನ್ನುತ್ತಿತ್ತು, ಅಷ್ಟೇ. ಆ ಪ್ರೋಗ್ರಾಂ ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿ, ಅದರ ಜೊತೆ ನಾಲ್ಕು ಮಾತಾಡುವಷ್ಟರಲ್ಲೇ ‘ಸ್ವಲ್ಪ ಹೊರಗಿರ್ತೀರಾ’ ಎಂದು ಅವರನ್ನೇ ಕೇಳಿದರಂತೆ.

ಎದುರಿಗಿರುವುದು ಮೆಷಿನ್ ಎಂದು ಆಕೆಗೆ ಗೊತ್ತಿತ್ತು. ಆದರೂ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದಿತ್ತು.

ಮೆಷಿನ್‌ಗೆ ನಮ್ಮ ನೋವು ಅರ್ಥ ಆಗುತ್ತದಾ ಎಂಬ ಚರ್ಚೆ ಅಲ್ಲಿಂದ ಇಲ್ಲಿಯವರೆಗೂ ನಡೆಯುತ್ತಲೇ ಇದೆ. ರೂಮಿನಲ್ಲಿ ಇನ್ನೂ ಯಾರಿದ್ದಾರೆ ಎಂದು ಕೇಳಿದವರು ಕಡಿಮೆ.

ಮನಸ್ಸಿನ ನೋವಿಗೆ ನಮ್ಮಲ್ಲಿ ಮೊದಲು ಬಂದಿದ್ದು ಆ್ಯಪ್ ಅಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿಯಲ್ಲಿ ಒಂದು ಪ್ರಯೋಗ ಮಾಡಿದರು. ಊರಿನ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮಾನಸಿಕ ಕಾಯಿಲೆ ನೋಡುವುದನ್ನು ಕಲಿಸುವುದು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದಾರಿ ಸರಿಯಾಗಿತ್ತು, ನಡಿಗೆ ನಿಧಾನ. 2015–16ರ ರಾಷ್ಟ್ರೀಯ ಸಮೀಕ್ಷೆ ಹೊತ್ತಿಗೂ, ಒಂದೊಂದು ಕಾಯಿಲೆಯಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಜೊತೆಗೆ ನಾಚಿಕೆ ಬೇರೆ. ‘ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ’ ಎನ್ನುವುದು ನಮ್ಮಲ್ಲಿ ಇವತ್ತಿಗೂ ಬೈಗುಳವೇ ಅಲ್ವಾ?

ಈ ಖಾಲಿ ಜಾಗಕ್ಕೆ ಆ್ಯಪ್‌ಗಳು ಬಂದವು. ನೋವು ಟೈಪ್ ಮಾಡಿದರೆ ಸಮಾಧಾನ ಹೇಳುವ ‘ವೈಸಾ’ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಕಂಪನಿಗಳೂ ಉದ್ಯೋಗಿಗಳಿಗಾಗಿ ಇಂಥ ಆ್ಯಪ್‌ಗಳನ್ನು ಕೊಳ್ಳತೊಡಗಿದವು. ನನಗೆ ಇರುಸುಮುರುಸಾಗುವುದು ಇಲ್ಲೇ. ಕೆಲಸ ಜಾಸ್ತಿಯಾಗಿ ನಿದ್ದೆಗೆಟ್ಟವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ, ಟಾರ್ಗೆಟ್ ಬಗ್ಗೆ ಯಾರೂ ಮಾತಾಡಬೇಕಾಗಿಲ್ಲ.

ಇನ್ನು ಇಂಥ ಕಡೆ ಹೇಳಿಕೊಂಡ ಮಾತುಗಳು ಹೋಗುವುದೆಲ್ಲಿಗೆ? ಅಮೆರಿಕದ ‘ಬೆಟರ್‌ಹೆಲ್ಪ್’ ಆನ್‌ಲೈನ್ ಕೌನ್ಸೆಲಿಂಗ್ ಸೇವೆಗೆ ಸೇರುವವರು ಮೊದಲು ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಗುಟ್ಟಾಗಿಡುತ್ತೇವೆ ಎಂಬ ಭರವಸೆಯೂ ಇತ್ತು. ಆದರೆ ಈ ಹಿಂದೆ ಥೆರಪಿ ತಗೊಂಡಿದ್ದೀರಾ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೂ, ಇಮೇಲ್ ವಿಳಾಸವೂ ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರ ಕೈ ಸೇರಿದವು ಎಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, 78 ಲಕ್ಷ ಡಾಲರ್ ಕೊಡಲು ಮಾತ್ರ ಒಪ್ಪಿತು.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯುವುದನ್ನು ಹಕ್ಕು ಎನ್ನುತ್ತದೆ. ಆದರೆ ಆ ಕಾಯ್ದೆಯ ಕಣ್ಣಿರುವುದು ಆಸ್ಪತ್ರೆ, ಡಾಕ್ಟರುಗಳ ಮೇಲೆ. ‘ನಮ್ಮದು ಚಿಕಿತ್ಸೆ ಅಲ್ಲ, ಬರೀ ವೆಲ್‌ನೆಸ್’ ಎನ್ನುವ ಆ್ಯಪ್ ಸುಲಭವಾಗಿ ನುಣುಚಿಕೊಳ್ಳಬಹುದು. 2011ರ ಐಟಿ ನಿಯಮಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನು ‘ಸೂಕ್ಷ್ಮ’ ಎಂದು ಬೇರೆಯಾಗಿ ಗುರುತಿಸಿದ್ದವು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಖಿನ್ನತೆಯ ವಿಷಯವೂ ಒಂದೇ, ಫೋನ್ ನಂಬರೂ ಒಂದೇ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆಯಲ್ಲ ಎನ್ನಬಹುದು. 2022ರ ಅಕ್ಟೋಬರ್‌ನಿಂದ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಆ ಕಡೆ ಇರುವುದು ಮನುಷ್ಯರು. ಒಳ್ಳೆಯ ಕೆಲಸ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅತ್ತೆ ಪಕ್ಕದಲ್ಲೇ ಮಲಗಿರುವಾಗ, ಸೊಸೆ ಫೋನಿನಲ್ಲಿ ಏನು ಹೇಳಿಯಾಳು? ಗೋಡೆ ಕಡೆ ತಿರುಗಿ, ಹೊದಿಕೆಯೊಳಗೆ ಸುಮ್ನೆ ಟೈಪ್ ಮಾಡುತ್ತಾಳೆ.