ಲಕೋಟೆ ಕರೆಯಿತು, ಕೌಂಟರ್ ತಳ್ಳಿತು

ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಅಂಚೆ ಡಬ್ಬಿಯಲ್ಲಿ ಒಂದೇ ದಿನ ಎರಡು ಲಕೋಟೆ ಬಿದ್ದಿದ್ದವು. ಒಂದರಲ್ಲಿ, 'ನಿಮ್ಮನ್ನು ಮೊದಲೇ ಆರಿಸಿದ್ದೇವೆ' ಎಂದು ಕೇಳದೇ ಬಂದ ಕ್ರೆಡಿಟ್ ಕಾರ್ಡಿನ ಆಹ್ವಾನ. ಇನ್ನೊಂದರಲ್ಲಿ, ಬಟ್ಟೆ ಮಳಿಗೆಯ ಕೌಂಟರಿನ ಹುಡುಗಿ ಬಿಡದೆ ಹಾಕಿಸಿದ್ದ, ಆ ಮಳಿಗೆಯದೇ ಹೆಸರಿನ ಕ್ರೆಡಿಟ್ ಕಾರ್ಡಾದ ಸ್ಟೋರ್ ಕಾರ್ಡಿನ ಅರ್ಜಿ ತಿರಸ್ಕೃತವಾದ ಸುದ್ದಿ. ಇದಕ್ಕಿಂತ ಅವನನ್ನು ಚುಚ್ಚಿದ್ದು ಬೇರೆ. ಅದೇ ಕೌಂಟರಿನಲ್ಲಿ, ಸದ್ಯ ಕೆಲಸಕ್ಕೆ ಹೋಗದ ಅವನ ಹೆಂಡತಿಗೆ ಎರಡೇ ನಿಮಿಷದಲ್ಲಿ ಕಾರ್ಡು ಮಂಜೂರಾಗಿತ್ತು. 'ಇವರ ಲೆಕ್ಕಕ್ಕೆ ತಲೆಬುಡ ಇದೆಯೇನಣ್ಣ?' ಎಂದು ಫೋನಿನಲ್ಲಿ ಕೇಳಿದ.

ಇದೆ. ಆದರೆ ಒಂದಲ್ಲ, ಎರಡು ಲೆಕ್ಕ. ಆಹ್ವಾನ ಹೋಗುವುದು ಗುಂಪಿಗೆ. ತೀರ್ಪು ಬೀಳುವುದು ಒಬ್ಬನ ಮೇಲೆ.

ಕೇಳದೇ ಕಾರ್ಡು ಕಳಿಸುವ ಚಾಳಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಆ ಊರಿನವರಿಗೆ ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಅರ್ಜಿ ನಮೂನೆಯಲ್ಲ, ಅಂಗಡಿಯಲ್ಲಿ ತೋರಿಸಿದರೆ ಸಾಮಾನು ಸಿಗುವ ನಿಜವಾದ ಕಾರ್ಡು. ಕಾರಣವೂ ಇತ್ತು. 'ಕಾರ್ಡಿರುವ ಗಿರಾಕಿ ಎಲ್ಲಿದ್ದಾನೆ?' ಎಂದು ಅಂಗಡಿಯವನು ಕೇಳುತ್ತಾನೆ, 'ಕಾರ್ಡು ತಗೊಳ್ಳುವ ಅಂಗಡಿ ಎಲ್ಲಿದೆ?' ಎಂದು ಗಿರಾಕಿ. ಈ ಗಂಟನ್ನು ಬಿಡಿಸುತ್ತ ಕೂರುವ ಬದಲು ಬ್ಯಾಂಕು ಕತ್ತರಿಸಿಯೇ ಹಾಕಿತು: ಇಡೀ ಊರಿಗೇ ಹಂಚಿಬಿಟ್ಟರೆ ಅಂಗಡಿಗಳು ತಾವಾಗಿ ಬರುತ್ತವೆ. ಬಂದವು ಕೂಡ. ಆದರೆ ನೂರಕ್ಕೆ ನಾಲ್ಕು ಖಾತೆಗಳು ಬಾಕಿ ಉಳಿಸಿಕೊಂಡಾವು ಎಂದು ಅಂದಾಜಿಸಿದ್ದ ಕಡೆ ಇಪ್ಪತ್ತೆರಡು ಉಳಿಸಿಕೊಂಡವು. ನಮ್ಮೂರ ಕಿರಾಣಿ ಅಂಗಡಿಯ 'ಇಂದು ನಗದು, ನಾಳೆ ಉದ್ರಿ' ಹಲಗೆಯ ಹಿಂದಿನ ವಿವೇಕವನ್ನು ಬ್ಯಾಂಕು ಕೋಟಿಗಟ್ಟಲೆ ತೆತ್ತು ಕಲಿಯಿತು. ಅಷ್ಟಾದರೂ ಆ ಕಾರ್ಡು ಸಾಯಲಿಲ್ಲ. 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿಕೊಂಡದ್ದು ಅದೇ. ಕೇಳದವರಿಗೆ ಕಾರ್ಡು ಕಳಿಸುವುದನ್ನು ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಆಹ್ವಾನಕ್ಕೆ ಮಾತ್ರ ಅಡ್ಡಿಯಿಲ್ಲ.

ಅದೇ 1958ರಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ, ಎಂಜಿನಿಯರ್ ಬಿಲ್ ಫೇರ್ ಮತ್ತು ಗಣಿತಜ್ಞ ಅರ್ಲ್ ಐಸಾಕ್ ಸಾಲ ಕೊಡುವ ಐವತ್ತು ದೊಡ್ಡ ಸಂಸ್ಥೆಗಳಿಗೆ ಪತ್ರ ಬರೆದಿದ್ದರು. ಸಾಲಗಾರನ ಮುಖ ನೋಡಬೇಡಿ, ಹಳೆಯ ಸಾಲಗಾರರ ದಾಖಲೆಯಿಂದ ಅಂಕ ಲೆಕ್ಕಹಾಕಿ ಎಂಬುದು ಅವರ ವಾದ. ಉತ್ತರಿಸಿದ್ದು ಒಂದೇ ಸಂಸ್ಥೆ. ಅವರ ಕಂಪನಿಯ ಹೆಸರೇ ಕುಗ್ಗಿ ಇಂದಿನ 'ಫಿಕೊ' ಅಂಕವಾಗಿದೆ: 300ರಿಂದ 850. ಹಳೆಯ ಬಾಕಿಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ ಅದರಲ್ಲಿ ಶೇ. 35ರಷ್ಟು ತೂಕ. ಸಂಬಳಕ್ಕೆ? ಸೊನ್ನೆ. ಅದು ಅಂಕದ ಲೆಕ್ಕದಲ್ಲೇ ಇಲ್ಲ.

ಇನ್ನು ಲಕೋಟೆ ಹುಟ್ಟುವ ಬಗೆ. 'ಅಂಕ ಇಷ್ಟರ ಮೇಲಿರುವ, ಇತ್ತೀಚೆಗೆ ಕಂತು ತಪ್ಪಿಸದವರ ಪಟ್ಟಿ ಕೊಡಿ' ಎಂದು ಬ್ಯಾಂಕು, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೊಗೆ ಹೇಳುತ್ತದೆ. ಬ್ಯೂರೊ ಜರಡಿ ಹಿಡಿದು ಹೆಸರು, ವಿಳಾಸ ಕೊಡುತ್ತದೆ. ಈ ಜರಡಿಯಿಂದ ನಿಮ್ಮ ಅಂಕ ಇಳಿಯುವುದಿಲ್ಲ. ನೀವಾಗಿ ಅರ್ಜಿ ಹಾಕಿದಾಗ ಬ್ಯಾಂಕು ನಿಮ್ಮ ಕಡತ ತರಿಸಿ ನೋಡುವ ವಿಚಾರಣೆಯಿಂದ ಸ್ವಲ್ಪ ಇಳಿಯಬಹುದು.

ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಜರಡಿಯಲ್ಲಿ ಉಳಿದವರೆಲ್ಲ ಕಾಗದದ ಮೇಲೆ ಒಂದೇ ಥರ. ಆದರೆ ಉತ್ತರ ಬರೆಯುವವರು ಆ ಗುಂಪಿನ ಸರಾಸರಿ ಜನರಲ್ಲ. ಅರ್ಥಶಾಸ್ತ್ರಜ್ಞ ಲಾರೆನ್ಸ್ ಆಸುಬೆಲ್ 1990ರ ದಶಕದಲ್ಲಿ ಬ್ಯಾಂಕೊಂದರ ಅಂಚೆ ಪ್ರಯೋಗಗಳನ್ನು ಕೆದಕಿ ನೋಡಿದರು. ಒಂದೇ ಬಗೆಯ ಜನರಿಗೆ ಯಾದೃಚ್ಛಿಕವಾಗಿ ಬೇರೆ ಬೇರೆ ಬಡ್ಡಿಯ ಆಹ್ವಾನ ಹೋಗಿತ್ತು. ಉತ್ತರಿಸಿದವರು ಉತ್ತರಿಸದವರಿಗಿಂತ ಅಪಾಯದ ಸಾಲಗಾರರು. ಅದರಲ್ಲೂ ಹೆಚ್ಚು ಬಡ್ಡಿಗೆ ಒಪ್ಪಿದವರು, ಕಡಿಮೆ ಬಡ್ಡಿಗೆ ಒಪ್ಪಿದವರಿಗಿಂತ ಹೆಚ್ಚಾಗಿ ಸಾಲ ಮುಳುಗಿಸಿದರು. ದುಡ್ಡು ನಿಜಕ್ಕೂ ಬೇಕಾದವನೇ ಮೊದಲು ಲಕೋಟೆ ಒಡೆಯುತ್ತಾನೆ, ಅಷ್ಟೇ. ಆದ್ದರಿಂದ ನೀವು 'ಹ್ಞೂಂ' ಅಂದದ್ದೇ ಬ್ಯಾಂಕಿಗೆ ನಿಮ್ಮ ಬಗ್ಗೆ ಸಿಕ್ಕ ಹೊಸ ಮಾಹಿತಿ. ಕರೆದವರೇ ಮತ್ತೊಮ್ಮೆ ನಿಮ್ಮ ಕಡತ ಬಿಚ್ಚಿ ನೋಡುವುದು ಅದಕ್ಕೇ.

ಬ್ಯಾಂಕಿಗೆ ಇನ್ನೊಂದು ಕುರುಡೂ ಇದೆ. ಕಾರ್ಡು ಪಡೆದವರು ಕಟ್ಟಿದರೋ ಬಿಟ್ಟರೋ ಗೊತ್ತಾಗುತ್ತದೆ. ತಿರಸ್ಕೃತರಾದವರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಸಂತೆಯಲ್ಲಿ ತಟ್ಟಿ ನೋಡಿ ಬೇಡವೆಂದು ಬಿಟ್ಟ ಹಲಸನ್ನು ಮನೆಗೆ ತಂದು ಕುಯ್ದವರು ಯಾರು? ಹಾಗಾಗಿ ಕೆಲವು ಸಂಸ್ಥೆಗಳು, ಮಂಜೂರಾತಿಗೆ ತಾವೇ ಎಳೆದ ಅಂಕದ ಗೆರೆಯ ಕೆಳಗಿನ ಒಂದಿಷ್ಟು ಜನರಿಗೂ ಬೇಕೆಂದೇ ಮಂಜೂರು ಮಾಡಿ ನೋಡುತ್ತವೆ. ನಮಗೆ ಅದೃಷ್ಟದಂತೆ ಕಾಣುವುದು ಅವರಿಗೆ ಪ್ರಯೋಗದ ಖರ್ಚು. ಸ್ಟೋರ್ ಕಾರ್ಡಿನಲ್ಲಂತೂ ಮಳಿಗೆಯ ಹೆಸರಿನ ಹಿಂದೆ ಬೇರೊಂದು ಬ್ಯಾಂಕು ಕೂತಿರುತ್ತದೆ. ಆ ಬ್ಯಾಂಕಿನ ಗೆರೆ ಎಲ್ಲಿದೆಯೆಂದು ಕೌಂಟರಿನ ಹುಡುಗಿಗೂ ಗೊತ್ತಿಲ್ಲ. ಸಾಮಾನ್ಯವಾಗಿ ಈ ಕಾರ್ಡುಗಳ ಮಿತಿ ಸಣ್ಣದು, ಬಡ್ಡಿ ದೊಡ್ಡದು. ಹೀಗಾಗಿ ಗೆರೆಯನ್ನು ಸ್ವಲ್ಪ ತಗ್ಗಿಸಿದರೂ ನಡೆಯುತ್ತದೆ.

ತಮ್ಮನ ಒಗಟಿಗೆ ಉತ್ತರ ಆ ಎರಡನೇ ಲಕೋಟೆಯಲ್ಲೇ ಇತ್ತು. ಸಾಲ ನಿರಾಕರಿಸಿದರೆ ಕಾರಣ ತಿಳಿಸಬೇಕೆಂದು ಅಲ್ಲಿ ಕಾನೂನಿದೆ. ಅವನು ಅದನ್ನು ಓದದೆಯೇ ಮಡಚಿಟ್ಟಿದ್ದ. ಓದಿಸಿದೆ. 'ಇತ್ತೀಚೆಗೆ ಬಹಳ ವಿಚಾರಣೆಗಳು. ಖಾತೆಗಳ ಸರಾಸರಿ ವಯಸ್ಸು ಕಡಿಮೆ.' ಆ ವರ್ಷ ಅವನು ಕಾರಿನ ಸಾಲ ತೆಗೆದಿದ್ದ, ಇನ್ನೆರಡು ಕಾರ್ಡಿಗೂ ಅರ್ಜಿ ಗುಜರಾಯಿಸಿದ್ದ. ಹೆಂಡತಿಯ ಹೆಸರು ಅವನ ಅತಿ ಹಳೆಯ ಕಾರ್ಡಿಗೆ ಸೇರಿತ್ತು. ಆ ಖಾತೆಯ ಚರಿತ್ರೆ ಅವಳ ಕಡತದಲ್ಲೂ ಇದೆ, ವಿಚಾರಣೆಗಳ ಗೀರು ಮಾತ್ರ ಇಲ್ಲ. ಆದಾಯದ ಕಡೆ ಅವಳು ಗಂಡನ ಸಂಬಳವನ್ನೇ ತೋರಿಸಿದ್ದಳು; 21 ದಾಟಿದವರು, ತಮ್ಮ ಕೈಗೂ ಸಿಗುವ ಮನೆಯ ಆದಾಯವನ್ನು ಹಾಗೆ ತೋರಿಸಲು ಅಲ್ಲಿ ಅವಕಾಶವಿದೆ. ಒಟ್ಟಿನಲ್ಲಿ ಅವನ ಸಂಬಳಕ್ಕೇ, ಅವನ ಹಳೆಯ ಕಾರ್ಡಿನ ಬಲದಿಂದಲೇ, ಅವಳಿಗೆ ಕಾರ್ಡು ಬಂದಿತ್ತು.

ನಮ್ಮಲ್ಲಿ ಲಕೋಟೆಯ ಜಾಗದಲ್ಲಿ ಫೋನು: 'ಸರ್, ನಿಮಗೆ ಪ್ರೀ ಅಪ್ರೂವ್ಡ್ ಆಗಿದೆ.' ಸಿಬಿಲ್ ಅಂಕ 900ರವರೆಗೆ ಹೋಗುತ್ತದೆ ಎಂಬುದು ಬಿಟ್ಟರೆ ಹೂರಣ ಹೆಚ್ಚು ಕಡಿಮೆ ಅದೇ. ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಕೇಳದವರಿಗೆ ಕಾರ್ಡು ಕೊಡುವಂತಿಲ್ಲ. ಕೊಟ್ಟು ಬಿಲ್ ಕಳಿಸಿದರೆ, ಆ ಮೊತ್ತವನ್ನು ವಾಪಸು ಮಾಡುವುದಲ್ಲದೆ ಅದರ ಎರಡರಷ್ಟು ದಂಡ ಕೊಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಕೇಳಿ ಪಡೆಯುವವರು ಕಡಿಮೆ.

ತಮ್ಮ ಆ ರಾತ್ರಿಯೇ ಲಕೋಟೆಗಳನ್ನು ನಿಲ್ಲಿಸಲು ಕೂತ. ಆನ್‌ಲೈನಿನಲ್ಲಿ ಹೇಳಿದರೆ ಐದು ವರ್ಷ ಬರುವುದಿಲ್ಲ. ಎಂದೆಂದಿಗೂ ಬೇಡವೆಂದರೆ ಫಾರಂ ಪ್ರಿಂಟ್ ತೆಗೆದು, ಸಹಿ ಮಾಡಿ, ಅಂಚೆಗೆ ಹಾಕಬೇಕು. ಮನೆಯಲ್ಲಿ ಒಂದು ಸ್ಟ್ಯಾಂಪೂ ಇರಲಿಲ್ಲ. ಐದು ವರ್ಷಕ್ಕೇ ಒಪ್ಪಿಕೊಂಡ.