ಹಳೇ ಎಂಜಿಬಿಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಎಂಜಿಬಿ (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು) ಇದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ನಿಲ್ಲಿಸಿದರೆ ಸಾಕು, ರೇಡಿಯೇಟರ್ ಪಕ್ಕದ ಸಣ್ಣ ಪೈಪಿನಿಂದ ನೀರು ಸುರಿಯುತ್ತದೆ. ಪ್ರತಿ ಸಲ ನೀರು ತುಂಬಿಸಿ ಸಾಕಾಗಿದೆ. ಈಗಿನ ಕಾರುಗಳ ಹಾಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿಸಬಹುದಾ? ಅದರಿಂದ ಎಂಜಿನ್ ತಣ್ಣಗಿರುತ್ತದಾ?

ಉತ್ತರ: ಹಾಕಿಸಬಹುದು. ಆದರೆ ಅದರಿಂದ ಎಂಜಿನ್ ತಣ್ಣಗಾಗುವುದಿಲ್ಲ. ಶಾಖ ಇಳಿಸುವ ಕೆಲಸ ರೇಡಿಯೇಟರ್ ಮತ್ತು ಫ್ಯಾನಿನದು. ಟ್ಯಾಂಕ್ ಮಾಡುವುದು ಹೊರಗೆ ಹೋದ ನೀರನ್ನು ಉಳಿಸಿ ವಾಪಸ್ ಕೊಡುವ ಕೆಲಸ ಮಾತ್ರ. ನಮ್ಮ ಕಡೆ ಅದೇ ದೊಡ್ಡ ಲಾಭ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಕಾರಿಗೆ ನಿಜವಾಗಿ ತೊಂದರೆ ಇದೆಯಾ ನೋಡಿ. ನೀರು 25 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಎಂಜಿಬಿಯಲ್ಲಿ ಐದೂವರೆ ಲೀಟರ್ ಆಸುಪಾಸು ನೀರಿರುತ್ತದೆ. ಅಂದರೆ ಸುಮಾರು 180 ಮಿಲಿ ಎಲ್ಲಿಗಾದರೂ ಹೋಗಲೇಬೇಕು. ಆ ಕಾಲದ ರೇಡಿಯೇಟರ್‌ಗಳಲ್ಲಿ ಇದಕ್ಕಾಗಿಯೇ ಮೇಲೆ ಜಾಗ ಬಿಡುತ್ತಿದ್ದರು. ನೀವು ಕತ್ತಿನವರೆಗೆ, ಅಂದರೆ ನೀರು ಹಾಕುವ ಬಾಯಿಯವರೆಗೆ ತುಂಬಿಸಿದರೆ ಆ ಜಾಗ ಹೋಯಿತು, ನೀರು ಹೊರಗೆ ಬಂತು. ಮತ್ತೆ ತುಂಬಿಸುತ್ತೀರಿ, ಮತ್ತೆ ಚೆಲ್ಲುತ್ತದೆ. ಎಷ್ಟೋ ಜನ ಇದನ್ನೇ ಕಾಯಿಲೆ ಅಂದುಕೊಂಡು ದುಡ್ಡು ಸುರಿಯುತ್ತಾರೆ. ಒಂದು ವಾರ ನೀರು ಹಾಕಬೇಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ನೋಡಿ. ಕತ್ತಿಗಿಂತ ಒಂದಿಂಚು ಕೆಳಗೆ ನಿಂತು, ಅಲ್ಲಿಂದ ಇಳಿಯದಿದ್ದರೆ ಕಾರು ಸರಿಯಾಗಿಯೇ ಇದೆ. ಒಳಗಿನ ಟ್ಯೂಬುಗಳು ಕಾಣುವಷ್ಟು ಇಳಿಯುತ್ತಿದ್ದರೆ ತಕ್ಷಣ ತುಂಬಿಸಿ, ಕಾರಣ ಹುಡುಕಿ.

ತಣ್ಣನೆಯ ಎಂಜಿನ್ ಶುರು ಮಾಡಿದ ಕೂಡಲೇ ಕತ್ತಿನಲ್ಲಿ ಒಂದೇ ಸಮ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಮೇಲೆ ಅನುಮಾನ ಪಡಿ. ಅದಕ್ಕೆ ಟ್ಯಾಂಕ್ ಮದ್ದಲ್ಲ. ಮೆಕ್ಯಾನಿಕ್ ಬಗ್ಗೆ ಚಿಂತೆ ಬೇಡ. ಎಂಜಿಬಿಯ 1798 ಸಿಸಿ ಎಂಜಿನ್ನೂ ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಅನ್ನುವ ಒಂದೇ ಮನೆತನದವು. ಅಂಬಾಸಿಡರ್ ಬಿಚ್ಚಿ ಕಟ್ಟಿದ ಕೈಗೆ ಇದು ಹೊಸದೇನಲ್ಲ.

ಈಗ ನೀರಿನ ವಿಷಯ. ಚಿತ್ರದುರ್ಗ ಜಿಲ್ಲೆಯಲ್ಲಿ, ದಾವಣಗೆರೆಯ ಎಷ್ಟೋ ಕಡೆಗಳಲ್ಲೂ, ಬೋರ್‌ವೆಲ್ ನೀರು ಗಡುಸು. ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆ ರೇಡಿಯೇಟರ್ ಟ್ಯೂಬಿನೊಳಗೂ ಕೂರುತ್ತದೆ. ಒಂದು ಸಲ ತುಂಬಿಸಿದ ನೀರಿನಲ್ಲಿ ಇರುವಷ್ಟೇ ಸುಣ್ಣ ಕೂತು ಅಲ್ಲಿಗೆ ನಿಲ್ಲುತ್ತದೆ. ದಿನಾ ಹೊಸ ನೀರು ಹಾಕಿದರೆ ದಿನಾ ಹೊಸ ಸುಣ್ಣ. ನೀರು ಇಳಿದ ಜಾಗಕ್ಕೆ ಗಾಳಿ ಬೇರೆ ಸೇರಿ ಕಬ್ಬಿಣದ ಬ್ಲಾಕಿಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಬೇಕು ಅಂತ ನಾನು ಹೇಳುವುದು ಇದಕ್ಕೇ. ಹಾಕಿಸುವ ಮುಂಚೆ ರೇಡಿಯೇಟರ್ ಬಿಚ್ಚಿ ಒಳಗೆ ಕ್ಲೀನ್ ಮಾಡಿಸಿ. ಇದು ಹಿತ್ತಾಳೆ-ತಾಮ್ರದ್ದು, ಲಾರಿ ರೇಡಿಯೇಟರ್‌ಗೆ ಬೆಸುಗೆ ಹಾಕುವವರೇ ಮಾಡಿಕೊಡುತ್ತಾರೆ.

ಟ್ಯಾಂಕಿನಲ್ಲಿ ಎರಡು ಬಗೆ. ಒಂದು ಪ್ರೆಶರ್ ಇಲ್ಲದ ಬಾಟಲಿ, ಮಾರುತಿ 800ರಲ್ಲಿ ಇರುವಂಥದ್ದು. ಪ್ರೆಶರ್ ಕ್ಯಾಪ್, ಅಂದರೆ ಒಳಗಿನ ಒತ್ತಡ ಹಿಡಿದಿಡುವ ಮುಚ್ಚಳ, ರೇಡಿಯೇಟರ್ ಮೇಲೆಯೇ ಉಳಿಯುತ್ತದೆ, ಚೆಲ್ಲುವ ಪೈಪ್ ಬಾಟಲಿಗೆ ಹೋಗುತ್ತದೆ. ನಿಮ್ಮ ಕಾರಿಗೆ ಇದೇ ಸಾಕು. ಗುಟ್ಟು ಇರುವುದು ಕ್ಯಾಪಿನಲ್ಲಿ. ಹಳೇ ಕ್ಯಾಪ್ ತಿರುಗಿಸಿ ನೋಡಿ: ಕೆಳಗೆ ಸ್ಪ್ರಿಂಗಿನ ತುದಿಯಲ್ಲಿ ಒಂದು ರಬ್ಬರ್ ವಾಷರ್ ಇರುತ್ತದೆ. ಬಾಟಲಿ ವ್ಯವಸ್ಥೆಗೆ ಮೇಲಿನ ತಟ್ಟೆಯ ಅಡಿಯಲ್ಲೂ ಇನ್ನೊಂದು ರಬ್ಬರ್ ಬೇಕು. ಅದಿಲ್ಲದಿದ್ದರೆ ಎಂಜಿನ್ ತಣ್ಣಗಾಗುವಾಗ ಬಾಟಲಿಯ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಕೆಳಗಿನ ವಾಷರ್ ನಡುವೆ ಅಂಗಿ ಗುಂಡಿಯಷ್ಟಗಲದ ಹಿತ್ತಾಳೆ ವಾಲ್ವ್ ಇರುತ್ತದೆ. ಉಗುರಿನಲ್ಲಿ ಎಳೆದರೆ ಸುಲಭವಾಗಿ ಬಂದು, ಬಿಟ್ಟರೆ ವಾಪಸ್ ಕೂರಬೇಕು. ನೀರು ಹಿಂದಿರುಗುವ ದಾರಿ ಅದೇ. ಕ್ಯಾಪ್ ಕೊಳ್ಳುವ ಮುಂಚೆ ಕತ್ತಿನ ಆಳ ಅಳೆಯಿರಿ. ಆಳ ಕತ್ತಿಗೆ ಗಿಡ್ಡ ಕ್ಯಾಪ್ ಹಾಕಿದರೆ ಕೆಳಗಿನ ವಾಷರ್ ಸರಿಯಾಗಿ ಕೂರುವುದೇ ಇಲ್ಲ. ಬಾಟಲಿಯೊಳಗೆ ಪೈಪಿನ ತುದಿ ತಳದ ಹತ್ತಿರ, ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು.

ಇನ್ನೊಂದು ಬಗೆ ಪ್ರೆಶರ್ ಟ್ಯಾಂಕ್. ಇಲ್ಲಿ ಪ್ರೆಶರ್ ಕ್ಯಾಪ್ ಟ್ಯಾಂಕಿಗೆ ಹೋಗುತ್ತದೆ, ರೇಡಿಯೇಟರ್ ಕತ್ತಿಗೆ ಬರೀ ಮುಚ್ಚಳ. ಎಂಜಿ ಕಂಪನಿಯೇ ಎಂಜಿಬಿಯ 1973ರ ವಿ8 (ಎಂಟು ಸಿಲಿಂಡರಿನ) ಮಾದರಿಯಲ್ಲೂ, 70ರ ದಶಕದ ಕೊನೆಯ ಕಾರುಗಳಲ್ಲೂ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಕೊಟ್ಟಿತ್ತು. ಇದು ಚೆನ್ನಾಗಿ ಕೆಲಸ ಮಾಡಬೇಕಾದರೆ ಟ್ಯಾಂಕಿನ ನೀರಿನ ಮಟ್ಟ ರೇಡಿಯೇಟರ್‌ನ ನೆತ್ತಿಗಿಂತ ಮೇಲಿರಬೇಕು. ತಗ್ಗು ಬಾನೆಟ್ಟಿನ ಕಾರಿನಲ್ಲಿ ಆ ಜಾಗ ಹುಡುಕುವುದೇ ಕಷ್ಟ. ಪ್ರೆಶರ್ ಇಲ್ಲದ ಬಾಟಲಿಯನ್ನಂತೂ ಈ ಕೆಲಸಕ್ಕೆ ಬಳಸಲೇಬೇಡಿ. ಒಡೆದರೆ ಕುದಿಯುವ ನೀರು ಮೈಮೇಲೆ ಬರುತ್ತದೆ.

ಜಾಸ್ತಿ ಪೌಂಡಿನ, ಅಂದರೆ ಹೆಚ್ಚು ಒತ್ತಡ ಹಿಡಿದಿಡುವ ಕ್ಯಾಪ್ ಹಾಕಿ, ನೀರು ಬೇಗ ಕುದಿಯುವುದಿಲ್ಲ ಅಂತ ಹೇಳುವವರು ಸಿಗುತ್ತಾರೆ. ಲೆಕ್ಕ ನಿಜ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ತೆರೆದ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಹಾಗೆ ಪ್ರೆಶರ್ ಏರಿದಷ್ಟೂ ಕುದಿಯುವುದು ತಡ. 7 ಪೌಂಡಿನ ಕ್ಯಾಪ್ ಇದ್ದರೆ ಅದು 110ರ ಹತ್ತಿರ ಹೋಗುತ್ತದೆ. ಆದರೆ ಐವತ್ತು ವರ್ಷ ದಾಟಿದ ಬೆಸುಗೆ, ಹೀಟರ್ ಕೋರ್ (ಕಾರಿನ ಹೀಟರಿನೊಳಗೆ ಬಿಸಿನೀರು ಹರಿಯುವ ಭಾಗ), ಹೋಸ್‌ಗಳು ಆ ಒತ್ತಡ ತಡೆಯಬೇಕಲ್ವಾ? ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದ ಪೌಂಡನ್ನೇ ಹಾಕಿ.

ತುಂಬಿಸುವಾಗ ಡಿಸ್ಟಿಲ್ಡ್ ವಾಟರ್ ಮತ್ತು ತುಕ್ಕು ತಡೆಯುವ ಕೂಲಂಟ್ ಬಳಸಿ. ಹೀಟರ್ ವಾಲ್ವ್ ತೆರೆದಿಡಿ, ಇಲ್ಲದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಈ ಸಲ ರೇಡಿಯೇಟರ್ ಕತ್ತಿನವರೆಗೆ ತುಂಬಿಸಿ, ಬಾಟಲಿ ಅರ್ಧ ಸಾಕು, ಮಟ್ಟಕ್ಕೆ ಗುರುತು ಹಾಕಿ. ಒಂದು ದೂರದ ಓಟ ಹೋಗಿ ಬಂದು ಮರುದಿನ ಬೆಳಿಗ್ಗೆ ನೋಡಿ. ಬಾಟಲಿಯ ನೀರು ಗುರುತಿಗೆ ಇಳಿದು ರೇಡಿಯೇಟರ್ ತುಂಬಿದ್ದರೆ ಎಲ್ಲ ಸರಿ ಇದೆ. ಬಾಟಲಿ ತುಂಬಿ, ರೇಡಿಯೇಟರ್ ಇಳಿದಿದ್ದರೆ ಕ್ಯಾಪಿನ ಮೇಲಿನ ರಬ್ಬರ್ ಅಥವಾ ಪೈಪಿನ ಕ್ಲಿಪ್ ಗಾಳಿ ಬಿಡುತ್ತಿದೆ. ಮೊದಲು ಅವೆರಡನ್ನೇ ನೋಡಿ.